ಅಂಕ

ಹಗಲಿಡೀ ಕೆಂಪು ಪೆನ್ನು.
ಏಪ್ರಿಲಿನ ಮೌಲ್ಯಮಾಪನ, ಕೊಡಿಯಾಲಬೈಲು, ಗಾಳಿ ಬಾರದ ಫ್ಯಾನು,
ದಿನಕ್ಕೆ ಮೂವತ್ತಾರು ಉತ್ತರಪತ್ರಿಕೆ.
ಮಾದರಿ ಉತ್ತರದಲ್ಲಿ ಇದ್ದದ್ದು ಇಲ್ಲಿಯೂ ಇದ್ದರೆ ಒಂದು,
ಅಲ್ಪಸ್ವಲ್ಪ ಇದ್ದರೆ ಅರ್ಧ,
ಅಲ್ಲಿಲ್ಲದ್ದು ಇಲ್ಲಿದ್ದರೆ, ಎಷ್ಟೇ ಚಂದ ಇರಲಿ, ಸೊನ್ನೆ.

ಶನಿವಾರ ರಾತ್ರಿ ಮಾತ್ರ ಪೆನ್ಸಿಲು.

ಬೋಳಾರದಲ್ಲಿ ಮನೋರಮಾ ಕಿಣಿಯವರ ಊಟದ ಮೇಜು.
ಬ್ಯಾಂಕಿನಿಂದ ನಿವೃತ್ತರಾಗಿ ಆರು ವರ್ಷ;
ಇಲ್ಲಿ ಅವರು ಕೊಡಲಿ ಹಿಡಿದ ಕುಳ್ಳ, ಗಡ್ಡ ಮೊಣಕಾಲಿಗೆ.
ಲವೀಟಾ ಮಂತ್ರವಾದಿ, ನೈಟ್ ಡ್ಯೂಟಿ ಇಲ್ಲದ ವಾರ.
ಧಕ್ಕೆಯಲ್ಲಿ ಮೀನಿನ ಲೆಕ್ಕ ಬರೆಯುವ ಅಶ್ವಾಕ್ ಕಳ್ಳ,
ಹಗಲು ಒಂದು ಪೈಸೆ ಆಚೀಚೆ ಆಗದ ಮನುಷ್ಯ.
ಯತೀಶ್ ಕರ್ಕೇರ ಬೋಟಿನಲ್ಲಿ, ಹತ್ತು ದಿನ ಆಯಿತು;
ಅವನ ಬಿಲ್ಲುಗಾರ ಹಾಗಾಗಿ ಇವತ್ತು
ಒಂದು ಮರದ ಹತ್ತಿರ ಸುಮ್ಮನೆ ನಿಂತಿದ್ದ.
ಕತೆ ಹೇಳುವವಳು ನಾನು. ಕೊನೆಗೆ ಅಂಕ ಕೊಡುವವಳೂ.

ಸೇತುವೆ ಕಾಯುವ ದೈತ್ಯ ಬಂದ.
ಇಪ್ಪತ್ತು ಮುಖದ ದಾಳ ಪುನರ್ಪುಳಿ ಶರಬತ್ತಿನ ಲೋಟಕ್ಕೆ ಡಿಕ್ಕಿ ಹೊಡೆದು
ಹತ್ತೊಂಬತ್ತು ತೋರಿಸಿತು.
ಮನೋರಮಕ್ಕ ಅವನ ಕಾಲು ಕಡಿದರು,
ಲವೀಟಾ ಬೆಂಕಿ ಎರಚಿದಳು,
ಅಶ್ವಾಕ್ ಸೊಂಟದ ಚೀಲ ಕತ್ತರಿಸಲು ಬಗ್ಗಿದ.
ಆಗ ನಾನು ಯಾಕೆ ಹಾಗೆ ಹೇಳಿದೆನೋ,
ಪುಸ್ತಕದಲ್ಲಿ ಇರಲಿಲ್ಲ,
ದೈತ್ಯ ನೀರು ಕೇಳುತ್ತಾನೆ, ಎಂದೆ.

ಫ್ಯಾನಿನ ಸದ್ದು.
ಅಶ್ವಾಕ್ ದಾಳ ಮುಟ್ಟಲಿಲ್ಲ.
"ತಲೆ ಎತ್ತಿ ಮಡಿಲಲ್ಲಿ ಇಟ್ಟುಕೊಳ್ತೇನೆ.
ನನ್ನ ತೊಗಲಿನ ಚೀಲದಲ್ಲಿ ನೀರು ಎಷ್ಟು ಉಂಟು?"
ಒಂದು ಗುಟುಕು ಉಂಟು.
"ಅದು ಅವನಿಗೆ."

ಹನ್ನೊಂದೂವರೆಗೆ ಲೆಕ್ಕ.
ನಿಯಮದ ಪ್ರಕಾರ ದೈತ್ಯನ ಸಾವಿಗೆ ಒಂಬೈನೂರು.
ಕಡಿದದ್ದಕ್ಕೆ ಉಂಟು, ಸುಟ್ಟದ್ದಕ್ಕೆ ಉಂಟು,
ಕದ್ದ ಚಿನ್ನಕ್ಕೆ ನಾಣ್ಯಕ್ಕೊಂದರಂತೆ ಉಂಟು,
ನೀರಿಗೆ ಇಲ್ಲ.
"ಮೂರು ಪಾಲು ಮಾಡು ಮಾರಾಯ್ತಿ," ಮನೋರಮಕ್ಕ ಕನ್ನಡಕ ಏರಿಸಿದರು,
"ರಜೆ ಹಾಕಿದವನಿಗೆ ಇನ್‌ಕ್ರಿಮೆಂಟ್ ಯಾವ ಬ್ಯಾಂಕಲ್ಲೂ ಇಲ್ಲ."
"ಸುಮ್ಮನೆ ನಿಲ್ಲುವುದೂ ಕೆಲಸವೇ," ಲವೀಟಾ ಹೇಳಿದಳು,
"ನಮ್ಮ ವಾರ್ಡಿಗೆ ಬಂದು ನೋಡಿ,
ಬಾಗಿಲ ಹೊರಗೆ ನಿಂತವರಿಗೇ ಸುಸ್ತು ಜಾಸ್ತಿ."

ನನಗೆ ಆ ಶಬ್ದವೇ ತೊಡಕು ಮಾಡಿತು.
ಅನುಭವದ ಅಂಕ ಅನ್ನುತ್ತೇವೆ.
ಅನುಭವಿಸಲಿ ಅವನು, ಎಂದು ನನ್ನ ಅಜ್ಜಿ ಹೇಳುತ್ತಿದ್ದದ್ದು
ಯಾರಿಗೂ ಒಳ್ಳೆಯದಾಗಲಿ ಎಂದಲ್ಲ.
ಅಂಕ ಅಂದರೆ ಹಗಲಲ್ಲಿ ನಾನು ಹಾಕುವುದು;
ಗದ್ದೆಯಲ್ಲಿ ಕಾಲಿಗೆ ಬಾಳು ಕಟ್ಟಿ ಕೋಳಿ ಬಿಡುವುದೂ ಅಂಕ;
ಪರದೆ ಬಿದ್ದರೆ ಮುಗಿಯುವುದೂ.
ನಿಘಂಟಿನ ಅದೇ ಪುಟದಲ್ಲಿ ಇನ್ನೂ ಕೆಳಗೆ ಇಳಿದರೆ
ಯಾರೂ ಬಳಸದ ಒಂದು ಅರ್ಥ ಉಂಟು: ಮಡಿಲು.

ಅಶ್ವಾಕನಿಗೆ ಇನ್ನೂರು ಹೆಚ್ಚು ಕೊಟ್ಟೆ.
ಯಾವುದಕ್ಕೆಂದು ಯಾರೂ ಕೇಳಲಿಲ್ಲ.
ಅವನು ಹಳೆಯ ಸಂಖ್ಯೆ ಒರೆಸಿದ.
ಎರಡು ವರ್ಷದಿಂದ ಒರೆಸಿ ಬರೆದು ಒರೆಸಿ
ಆ ಚೌಕ ನೀರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿ
ಈ ಸಲ ರಬ್ಬರು ಆಚೆ ಹೋಯಿತು.
ತೂತಿನಲ್ಲಿ ಮೇಜಿನ ಮರ ಕಂಡಿತು.
ಐದನೇ ಮೆಟ್ಟಿಲು ಹತ್ತಿದಿ, ಎಂದೆ, ಏನು ಬೇಕು?
ಕತ್ತಲಲ್ಲಿ ಕಾಣುವ ಕಣ್ಣು? ಎರಡನೇ ಚೂರಿ?
ಪಟ್ಟಿಯ ಉದ್ದಕ್ಕೂ ಶಾಯಿ ಹತ್ತಿದ ಬೆರಳು ಇಳಿಸಿ
"ನೀರಿನ ಚೀಲ ಸ್ವಲ್ಪ ದೊಡ್ಡದು ಆಗ್ತದಾ?"
ಹಾಗೊಂದು ನಿಯಮ ಇಲ್ಲ.
ಬರೆದುಕೋ, ಎಂದೆ, ತೂತಿನ ಪಕ್ಕದಲ್ಲಿ.

ಒಂದು ಗಂಟೆಗೆ ಯತೀಶನ ಮೆಸೇಜು.
ದಡ ಹತ್ತಿರವಾಗಿ ಸಿಗ್ನಲ್ ಸಿಕ್ಕಿರಬೇಕು.
"ನಾನು ಸತ್ತೆನಾ?"
ಇಲ್ಲ. ಮರದ ಹತ್ತಿರ ನಿಂತಿದ್ದಿ.
"ಎಷ್ಟು ಸಿಕ್ಕಿತು?"
ಪೆನ್ಸಿಲು ಮೇಜಿನ ಮೇಲೇ ಬಿಟ್ಟು ಬಂದಿದ್ದೆ.
ನಿನಗೆ ಅಲ್ಲಿ ಎಷ್ಟು ಸಿಕ್ಕಿತು, ಮೊದಲು ಅದು ಹೇಳು,
ಎಂದು ಬರೆದೆ.
ಬರೆಯುತ್ತಿದ್ದಾನೆ, ಬರೆಯುತ್ತಿದ್ದಾನೆ ಎಂದು ಬಹಳ ಹೊತ್ತು ತೋರಿಸಿತು.